‘ಮನೆಗೆ ಕರ್ಕೊಂಡು ಹೋಗಿ’ ಅಂದ ಮೇಲೆ: ಕೊನೆಯ ದಿನಗಳ ಆರೈಕೆ ಹೇಗೆ?

‘ಇನ್ನು ಮಾಡೋದಕ್ಕೆ ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ.’ ದೊಡ್ಡ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಈ ಮಾತು ಕೇಳಿಸಿಕೊಂಡ ಕುಟುಂಬಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಆ ಮಾತು ಅರ್ಧ ಮಾತ್ರ ನಿಜ. ಕಾಯಿಲೆ ವಾಸಿ ಮಾಡಲು ದಾರಿ ಇಲ್ಲದೆ ಇರಬಹುದು. ಆದರೆ ನೋವು ತಗ್ಗಿಸಲು, ವಾಂತಿ ನಿಲ್ಲಿಸಲು, ಉಸಿರಾಟ ಸಲೀಸು ಮಾಡಲು, ರಾತ್ರಿ ನಾಲ್ಕು ಗಂಟೆ ನಿದ್ದೆ ಬರುವಂತೆ ಮಾಡಲು ಬೇಕಾದಷ್ಟು ದಾರಿಗಳಿವೆ. ಹಾಸ್ಪೈಸ್ ಆರೈಕೆ ಎಂದರೆ ಈ ಕೆಲಸವೇ. ನಮ್ಮ ದೇಶದ ಮೊದಲ ಹಾಸ್ಪೈಸ್, ಮುಂಬೈನ ಶಾಂತಿ ಅವೇದನಾ ಸದನ, ಶುರುವಾಗಿದ್ದು 1986ರಲ್ಲಿ. ಇಷ್ಟು ವರ್ಷಗಳಾದರೂ ಹೆಚ್ಚಿನ ಮನೆಗಳಿಗೆ ಇಂಥದ್ದೊಂದು ವ್ಯವಸ್ಥೆ ಇದೆ ಅಂತ ಗೊತ್ತಾಗುವುದು ಕೊನೆಯ ವಾರದಲ್ಲಿ. ಅಷ್ಟರಲ್ಲಿ ರೋಗಿ ತಿಂಗಳುಗಟ್ಟಲೆ ನೋವು ತಿಂದಿರುತ್ತಾರೆ.

ಅದಕ್ಕೇ ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತು: ಬೇಗ ಕೇಳಿ. ನೋವು ಕಡಿಮೆ ಮಾಡುವ ಪ್ಯಾಲಿಯೇಟಿವ್ ಆರೈಕೆ ಕೀಮೋ, ರೇಡಿಯೇಷನ್ ನಡೆಯುತ್ತಿರುವಾಗಲೇ ಶುರುವಾಗಬಹುದು. ವಾಸಿ ಮಾಡುವ ಚಿಕಿತ್ಸೆ ನಿಂತ ಮೇಲೆ ಹಾಸ್ಪೈಸ್ ಬರುತ್ತದೆ. ಇದು ಕ್ಯಾನ್ಸರ್ ಇರುವವರಿಗೆ ಮಾತ್ರ ಅಂತಲೂ ಅಂದುಕೊಳ್ಳಬೇಡಿ. ಕಿಡ್ನಿ ಪೂರ್ತಿ ಕೆಟ್ಟವರು, ಹೃದಯ ಅಥವಾ ಶ್ವಾಸಕೋಶ ಸೋತವರು, ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಿರುವ ಹಿರಿಯರು, ಎಲ್ಲರಿಗೂ ಇದು ಬೇಕಾಗುತ್ತದೆ.

ಮೊದಲು: ಡಾಕ್ಟರ ಹತ್ತಿರ ನೇರವಾಗಿ ಕೇಳಿ

ಡಾಕ್ಟರ ಮುಂದೆ ಕೂತಾಗ ನಮ್ಮ ಬಾಯಿ ಕಟ್ಟಿಹೋಗುತ್ತದೆ. ‘ಏನಾದ್ರೂ ಮಾಡಿ ಸಾರ್’ ಅಂತ ಕೈಮುಗಿದು ಬರುತ್ತೇವೆ. ಅವರು ಇನ್ನೊಂದು ಸುತ್ತು ಕೀಮೋ ಬರೆಯುತ್ತಾರೆ, ನಾವು ಒಡವೆ ಅಡ ಇಡುತ್ತೇವೆ. ಅದರ ಬದಲು ಹೀಗೆ ಕೇಳಿ: ‘ಈ ಚಿಕಿತ್ಸೆ ವಾಸಿ ಮಾಡೋದಕ್ಕಾ, ಆಯಸ್ಸು ಸ್ವಲ್ಪ ಜಾಸ್ತಿ ಮಾಡೋದಕ್ಕಾ, ಇಲ್ಲಾ ನೋವು ಕಡಿಮೆ ಮಾಡೋದಕ್ಕಾ?’ ಮೂರಕ್ಕೂ ಉತ್ತರ ಬೇರೆ ಬೇರೆ. ‘ಇದನ್ನು ಕೊಟ್ಟರೆ ಅವರ ದಿನಗಳು ಹೇಗಿರುತ್ತವೆ? ಕೊಡದಿದ್ದರೆ ಹೇಗಿರುತ್ತವೆ?’ ಅಂತಲೂ ಕೇಳಿ. ಎಷ್ಟು ದಿನ ಅಂತ ಯಾರೂ ನಿಖರವಾಗಿ ಹೇಳಲಾರರು. ಆದರೆ ಉಳಿದಿರುವುದು ತಿಂಗಳುಗಳಾ, ವಾರಗಳಾ, ದಿನಗಳಾ ಅಂತ ಕೇಳಿದರೆ ಅನುಭವಿ ಡಾಕ್ಟರು ಒಂದು ಅಂದಾಜು ಕೊಡುತ್ತಾರೆ. ಮಗ ದುಬೈನಿಂದ ಯಾವಾಗ ಹೊರಡಬೇಕು ಅನ್ನುವುದು ಆ ಅಂದಾಜಿನ ಮೇಲೆ ನಿಂತಿರುತ್ತದೆ.

ಆಸ್ಪತ್ರೆಯಿಂದ ಹೊರಡುವ ಮುಂಚೆ ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ರಿಪೋರ್ಟು, ಇತ್ತೀಚಿನ ಸ್ಕ್ಯಾನ್, ಈಗ ಕೊಡುತ್ತಿರುವ ಮಾತ್ರೆಗಳ ಪಟ್ಟಿ ಎಲ್ಲವನ್ನೂ ಒಂದು ಫೈಲಿಗೆ ಹಾಕಿಕೊಳ್ಳಿ. ಪ್ಯಾಲಿಯೇಟಿವ್ ವಿಭಾಗಕ್ಕೋ ಹಾಸ್ಪೈಸಿಗೋ ಒಂದು ಪತ್ರ ಬರೆಸಿಕೊಳ್ಳಿ. ಕಾಗದವಿಲ್ಲದೆ ಹೋದರೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ.

ಎಲ್ಲಿ ನೋಡಿಕೊಳ್ಳುವುದು?

ಬೆಂಗಳೂರಿನಲ್ಲಿ ಮಾರತ್ತಹಳ್ಳಿಯ ಕರುಣಾಶ್ರಯವಿದೆ. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ. ಮನೆಗೇ ಬಂದು ನೋಡುವ ತಂಡವೂ ಅವರಲ್ಲಿದೆ. ಕಿದ್ವಾಯಿ ಆಸ್ಪತ್ರೆಯಲ್ಲಿ ನೋವು ನಿವಾರಣೆಗೆಂದೇ ವಿಭಾಗವಿದೆ. ಸೇಂಟ್ ಜಾನ್ಸ್‌ನಲ್ಲೂ ಮಣಿಪಾಲದ ಕೆಎಂಸಿಯಲ್ಲೂ ಪ್ಯಾಲಿಯೇಟಿವ್ ವಿಭಾಗಗಳಿವೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಕೆಲಸ ಮಾಡುತ್ತಿದೆ. ಬೇರೆ ಊರಿನವರು ಜಿಲ್ಲಾಸ್ಪತ್ರೆಯಲ್ಲಿ ‘ಪ್ಯಾಲಿಯೇಟಿವ್ ಕೇರ್ ಯಾರು ನೋಡ್ತಾರೆ?’ ಅಂತ ವಿಚಾರಿಸಿ, ಆಶಾ ಕಾರ್ಯಕರ್ತೆಯನ್ನೂ ಕೇಳಿ. ತಿರುವನಂತಪುರದ ಪ್ಯಾಲಿಯಂ ಇಂಡಿಯಾ ಸಂಸ್ಥೆಯ ಜಾಲತಾಣದಲ್ಲಿ ದೇಶದ ಕೇಂದ್ರಗಳ ಪಟ್ಟಿ ಸಿಗುತ್ತದೆ.

ಪಕ್ಕದ ಕೇರಳದಲ್ಲಿ 2008ರಲ್ಲೇ ಇದಕ್ಕೆ ಸರ್ಕಾರಿ ನೀತಿ ಬಂತು. ಪಂಚಾಯಿತಿ ಮಟ್ಟದಲ್ಲಿ ನರ್ಸ್‌ಗಳು ಮನೆಮನೆಗೆ ಹೋಗುತ್ತಾರೆ. ನಮ್ಮಲ್ಲಿ ಬೆಂಗಳೂರು, ಮೈಸೂರು, ಮಣಿಪಾಲದಾಚೆಗೆ ಹೋದರೆ ಹುಡುಕಬೇಕು. ರಾಯಚೂರಿನ ಒಂದು ಹಳ್ಳಿಯಿಂದ ನೋವಿನ ಮಾತ್ರೆಗೆ ಬೆಂಗಳೂರಿಗೆ ರೈಲು ಹತ್ತಬೇಕಾಗುವುದು ಅನ್ಯಾಯ. ಅದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಮನೆಯಾ, ಹಾಸ್ಪೈಸಾ ಅನ್ನುವುದನ್ನು ಮನೆಯ ಸ್ಥಿತಿ ನೋಡಿ ತೀರ್ಮಾನಿಸಿ. ಹಗಲು ರಾತ್ರಿ ಒಬ್ಬರಾದರೂ ಇರುತ್ತಾರಾ? ನೋವು ಹಿಡಿತದಲ್ಲಿದೆಯಾ? ಗಾಯ ಇದೆಯಾ? ಬಾಡಿಗೆ ಮನೆಯಾದರೆ ಓನರ್ ಏನಂತಾರೆ? ಮನೆಯಲ್ಲಿ ಸಾವಾಗಬಾರದು ಅನ್ನುವ ಓನರ್‌ಗಳು ಇದ್ದಾರೆ, ಕೊನೆ ಗಳಿಗೆಯಲ್ಲಿ ಆ ಜಗಳ ಬೇಡ. ಮುಂಚೆಯೇ ಮಾತಾಡಿಕೊಳ್ಳಿ.

ಹಾಸ್ಪೈಸಿಗೆ ಸೇರಿದವರು ವಾಪಸ್ ಬರುವುದೇ ಇಲ್ಲ ಅನ್ನುವುದು ತಪ್ಪು ತಿಳಿವಳಿಕೆ. ನೋವನ್ನು ಹಿಡಿತಕ್ಕೆ ತರಲು ಸೇರಿಸಿ, ಗಾಯ ತೊಳೆಯುವುದನ್ನು ಮನೆಯವರು ಕಲಿತು, ಮತ್ತೆ ಮನೆಗೆ ಕರೆದುಕೊಂಡು ಹೋಗುವುದು ಮಾಮೂಲು. ನೋಡಿಕೊಳ್ಳುವವರು ಸೋತು ಸುಣ್ಣವಾದಾಗ ಕೆಲವು ದಿನ ಬಿಡುವಿಗಾಗಿಯೂ ಸೇರಿಸಬಹುದು. ‘ಅಪ್ಪನ್ನ ಅಲ್ಲಿ ಬಿಟ್ಟು ಬಂದ್ರು’ ಅನ್ನುವ ನೆಂಟರು ಇದ್ದೇ ಇರುತ್ತಾರೆ. ಅವರಲ್ಲಿ ಎಷ್ಟು ಜನ ಒಂದು ರಾತ್ರಿ ಅಪ್ಪನ ಪಕ್ಕ ಕೂತಿದ್ದಾರೆ ನೋಡಿ, ಆಮೇಲೆ ಆ ಮಾತಿಗೆ ಬೆಲೆ ಕೊಡಿ.

ನೋವು: ಇಲ್ಲಿ ಅರೆಮನಸ್ಸು ಬೇಡ

ಕ್ಯಾನ್ಸರ್ ಅಂದ ಮೇಲೆ ನೋವು ಇದ್ದೇ ಇರುತ್ತದೆ, ಸಹಿಸಿಕೊಳ್ಳಬೇಕು ಅನ್ನುವ ನಂಬಿಕೆ ನಮ್ಮಲ್ಲಿ ಬೇರುಬಿಟ್ಟಿದೆ. ಹಾಗೇನೂ ಇಲ್ಲ. ಹೆಚ್ಚಿನವರ ನೋವನ್ನು ಬಾಯಿಗೆ ಕೊಡುವ ಮಾತ್ರೆಗಳಿಂದಲೇ ಹಿಡಿತಕ್ಕೆ ತರಬಹುದು. ಅದರಲ್ಲಿ ಮುಖ್ಯವಾದದ್ದು ಮಾರ್ಫಿನ್. ಅದು ದುಬಾರಿ ಮಾತ್ರೆಯಲ್ಲ, ಸಿಗುವುದೇ ಕಷ್ಟ. ಮಾರ್ಫಿನ್ ತಯಾರಾಗುವುದು ಅಫೀಮಿನಿಂದ. ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಗಳಿಗೂ ಕಳಿಸುವ ದೇಶ ನಮ್ಮದು. ಆದರೆ 1985ರ ಮಾದಕವಸ್ತು ಕಾಯ್ದೆ ಎಷ್ಟು ಬಿಗಿಯಾಗಿತ್ತೆಂದರೆ ಆಸ್ಪತ್ರೆಗಳೇ ಈ ಮಾತ್ರೆ ಇಟ್ಟುಕೊಳ್ಳಲು ಹೆದರಿದವು. 2014ರ ತಿದ್ದುಪಡಿ ನಿಯಮಗಳನ್ನು ಸರಳ ಮಾಡಿತು. ಈಗ ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಂಡು ರೋಗಿಗಳಿಗೆ ಕೊಡಬಹುದು. ಬೀದಿ ಬದಿಯ ಮೆಡಿಕಲ್ ಶಾಪಿನಲ್ಲಿ ಹುಡುಕಿ ಸುಸ್ತಾಗಬೇಡಿ. ಪ್ಯಾಲಿಯೇಟಿವ್ ವಿಭಾಗವಿರುವ ಆಸ್ಪತ್ರೆಯಲ್ಲೇ ಕೇಳಿ.

ಮಾಮೂಲಿ ಮಾರ್ಫಿನ್ ಮಾತ್ರೆಯ ಕೆಲಸ ಸುಮಾರು 4 ಗಂಟೆ. ಆದ್ದರಿಂದ ಅದನ್ನು ಗಡಿಯಾರ ನೋಡಿ ಕೊಡಬೇಕು, ನೋವು ಬಂದ ಮೇಲೆ ಅಲ್ಲ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10, ಹೀಗೆ. ರಾತ್ರಿಯ ಡೋಸನ್ನು ಡಾಕ್ಟರು ಬೇರೆ ಥರ ಬರೆದಿದ್ದರೆ ಅದರಂತೆಯೇ ಕೊಡಿ. ಹಳೆಯ ಕ್ಯಾಲೆಂಡರಿನ ಒಂದು ಹಾಳೆ ತೆಗೆದುಕೊಂಡು, ಹಿಂಬದಿಯಲ್ಲಿ ಗೆರೆ ಎಳೆದು, ಸಮಯ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಕೊಟ್ಟವರು ಅಲ್ಲೇ ಒಂದು ಟಿಕ್ ಹಾಕಬೇಕು. ಇಲ್ಲದಿದ್ದರೆ ‘ಅತ್ತಿಗೆ ಕೊಟ್ಟಿರ್ತಾರೆ’ ಅಂತ ಇವರು, ‘ತಂಗಿ ಕೊಟ್ಟಿರ್ತಾಳೆ’ ಅಂತ ಅವರು, ರೋಗಿ ಮಾತ್ರ ನರಳುತ್ತಾ ಇರುತ್ತಾರೆ. ಎರಡು ಡೋಸಿನ ನಡುವೆ ನೋವು ಎದ್ದರೆ ಕೊಡಬೇಕಾದ ಹೆಚ್ಚುವರಿ ಡೋಸ್ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಅದನ್ನೂ ಹಾಳೆಯಲ್ಲಿ ಗುರುತು ಹಾಕಿ. ದಿನಕ್ಕೆ ಎರಡು ಮೂರು ಸಲ ಹೆಚ್ಚುವರಿ ಬೇಕಾಗುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಅವರು ಪ್ರಮಾಣ ಬದಲಿಸುತ್ತಾರೆ. ನೀವೇ ಬದಲಿಸಬೇಡಿ.

ಮೊದಲ ಎರಡು ಮೂರು ದಿನ ಮಂಪರು ಜಾಸ್ತಿ. ಕೆಲವರಿಗೆ ವಾಂತಿ ಬಂದಂತಾಗುತ್ತದೆ. ಇವೆರಡೂ ಸಾಮಾನ್ಯವಾಗಿ ತಾವಾಗಿಯೇ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಕಡಿಮೆಯಾಗುವುದಿಲ್ಲ. ಅದಕ್ಕೇ ಮಾರ್ಫಿನ್ ಶುರುವಾದ ದಿನವೇ ಬೇಧಿ ಔಷಧವೂ ಶುರುವಾಗಬೇಕು. ಡಾಕ್ಟರು ಬರೆಯದೆ ಇದ್ದರೆ ನೀವೇ ಕೇಳಿ. ಮೂರು ದಿನ ಹೊಟ್ಟೆ ಖಾಲಿಯಾಗದಿದ್ದರೆ ಫೋನ್ ಮಾಡಿ. ನಿಧಾನಕ್ಕೆ ಕರಗುವ ಬಗೆಯ ಮಾತ್ರೆ ಕೊಟ್ಟಿದ್ದರೆ ಅದನ್ನು ಪುಡಿ ಮಾಡಬಾರದು. ಕಿಡ್ನಿ ತೊಂದರೆ ಇದ್ದರೆ ತಪ್ಪದೆ ಹೇಳಿ. ಕರೆದರೂ ಅಲುಗಾಡಿಸಿದರೂ ಎಚ್ಚರವಾಗುತ್ತಿಲ್ಲ, ಉಸಿರು ತೀರಾ ನಿಧಾನವಾಗಿದೆ ಅಂದರೆ ಮುಂದಿನ ಡೋಸ್ ಕೊಡುವ ಮುಂಚೆ ಡಾಕ್ಟರ ಜೊತೆ ಮಾತಾಡಿ. ಇದ್ದಕ್ಕಿದ್ದಂತೆ ನಿಲ್ಲಿಸುವುದೂ ತಪ್ಪು.

‘ಚಟ ಆಗಿಬಿಡುತ್ತೆ’ ಅಂತ ಹೆದರಿಸುವವರಿದ್ದಾರೆ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ನೋವಿಗೆಂದು ತೆಗೆದುಕೊಳ್ಳುವವರಿಗೆ ಆ ಭಯ ಬೇಡ. ‘ಮಾರ್ಫಿನ್ ಕೊಟ್ಟರೆ ಬೇಗ ಹೋಗ್ತಾರೆ’ ಅನ್ನುವುದೂ ನಿಜವಲ್ಲ. ನೋವು ಇಳಿದ ಮೇಲೆ ಎದ್ದು ಕೂತು, ಕಾಫಿ ಕೇಳಿ, ಮೊಮ್ಮಕ್ಕಳನ್ನು ಹತ್ತಿರ ಕರೆದ ಹಿರಿಯರನ್ನು ನೋಡಿದ್ದೇನೆ. ಆ ಒಂದು ಲೋಟ ಕಾಫಿಗಾಗಿಯಾದರೂ ನೋವಿನ ಔಷಧಕ್ಕೆ ಜಗಳ ಆಡಿ.

ದಿನನಿತ್ಯದ ಕೆಲಸ

ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇದನ್ನು ಒಬ್ಬರೇ ಎಳೆದಾಡಿ ಮಾಡಿದರೆ ರೋಗಿಯ ಚರ್ಮ ಕೀಳುತ್ತದೆ, ನಿಮ್ಮ ಸೊಂಟವೂ ಹೋಗುತ್ತದೆ. ಹಳೆಯ ಕಾಟನ್ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ರೋಗಿಯ ಭುಜದಿಂದ ತೊಡೆಯವರೆಗೆ ಬರುವಂತೆ ಕೆಳಗೆ ಹಾಸಿ. ಎರಡೂ ಕಡೆ ಒಬ್ಬೊಬ್ಬರು ನಿಂತು, ಪಂಚೆಯ ಅಂಚನ್ನು ರೋಗಿಯ ಮೈ ಹತ್ತಿರದವರೆಗೆ ಸುರುಳಿ ಸುತ್ತಿ ಹಿಡಿದುಕೊಳ್ಳಿ. ‘ಅಮ್ಮ, ಈಗ ಎಡಕ್ಕೆ ತಿರುಗಿಸ್ತೀವಿ’ ಅಂತ ಹೇಳಿ, ಒಟ್ಟಿಗೆ ಎತ್ತಿ ಸರಿಸಿ. ಪ್ರಜ್ಞೆ ಇಲ್ಲ ಅನ್ನಿಸಿದರೂ ಹೇಳಿಯೇ ಮಾಡಿ. ಪೂರ್ತಿ ಪಕ್ಕಕ್ಕೆ ಮಲಗಿಸಬೇಕಾಗಿಲ್ಲ, ಸ್ವಲ್ಪ ವಾಲಿಸಿ ಬೆನ್ನ ಹಿಂದೆ ದಿಂಬು ಕೊಟ್ಟರೆ ಸಾಕು. ಮಂಡಿಗಳ ನಡುವೆ ಇನ್ನೊಂದು ದಿಂಬು. ಮೀನಖಂಡದ ಕೆಳಗೆ ಮಡಿಸಿದ ಟವೆಲ್ ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ.

ತಿರುಗಿಸುವಾಗಲೆಲ್ಲ ಬೆನ್ನಿನ ಕೆಳಭಾಗ, ಸೊಂಟದ ಮೂಳೆ, ಹಿಮ್ಮಡಿ ನೋಡಿ. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟರೂ ಕೆಂಪು ಹಾಗೇ ಇದ್ದರೆ ಬೆಡ್ ಸೋರ್, ಅಂದರೆ ಮಲಗಿದಲ್ಲೇ ಇದ್ದು ಆಗುವ ಹುಣ್ಣು, ಶುರುವಾಗಿದೆ ಅಂತ ಅರ್ಥ. ಚರ್ಮ ಕಪ್ಪಗಿರುವವರಲ್ಲಿ ಕೆಂಪು ಕಾಣದೆ ಇರಬಹುದು, ಬಿಸಿ ಅಥವಾ ಗಟ್ಟಿ ಅನ್ನಿಸುತ್ತದಾ ಮುಟ್ಟಿ ನೋಡಿ. ಆ ಜಾಗದ ಮೇಲೆ ಭಾರ ಬೀಳಬಾರದು, ಅಲ್ಲಿ ತಿಕ್ಕಲೂಬಾರದು, ಸ್ಪಿರಿಟ್ಟೂ ಪೌಡರೂ ಬೇಡ. ಏರ್ ಬೆಡ್ ಬಾಡಿಗೆಗೆ ಸಿಗುತ್ತದೆ, ತುಂಬಾ ಅನುಕೂಲ. ಆದರೆ ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಬಾಯಿ ಒಣಗಿರುವುದು ರೋಗಿಗೆ ತುಂಬಾ ಹಿಂಸೆ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ. ಗಾಜ್ ಬಟ್ಟೆಯನ್ನು ತೋರುಬೆರಳಿಗೆ ಸುತ್ತಿ, ಅದ್ದಿ, ಚೆನ್ನಾಗಿ ಹಿಂಡಿ, ಕೆನ್ನೆಯ ಒಳಭಾಗ, ಒಸಡು, ನಾಲಗೆ ಮೆಲ್ಲಗೆ ಒರೆಸಿ. ದಿನಕ್ಕೆ ನಾಲ್ಕೈದು ಸಲ ಮಾಡಿ. ತುಟಿಗೆ ಸ್ವಲ್ಪ ತುಪ್ಪವೋ ವ್ಯಾಸಲೀನೋ ಸವರಿ. ನಾಲಗೆಯ ಮೇಲೆ ಮೊಸರಿನಂಥ ಬಿಳಿ ಪದರ ಕಂಡರೆ ಅದು ಫಂಗಸ್, ಔಷಧ ಇದೆ, ಕೇಳಿ.

ಬಾಯಿ, ಎದೆ, ಕುತ್ತಿಗೆಯ ಕ್ಯಾನ್ಸರಿನಲ್ಲಿ ಗಾಯ ಹೊರಗೆ ಒಡೆದು ವಾಸನೆ ಬರುತ್ತದೆ. ಆ ವಾಸನೆಗೆ ನಾಚಿ ರೋಗಿಯೇ ‘ಹತ್ತಿರ ಬರಬೇಡಿ’ ಅನ್ನುತ್ತಾರೆ. ಮೊಮ್ಮಗಳನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಇದಕ್ಕೆ ಸುಲಭದ ಪರಿಹಾರ ಇದೆ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಗಾಯ ತೊಳೆಯಿರಿ. ಆಮೇಲೆ ಮೆಟ್ರೋನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿ ಕಟ್ಟುತ್ತಾರೆ. ಎಷ್ಟು ಮಾತ್ರೆ, ಹೇಗೆ ಅನ್ನುವುದನ್ನು ನರ್ಸ್ ಒಮ್ಮೆ ಮಾಡಿ ತೋರಿಸಲಿ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ವಾಸನೆ ತಗ್ಗುತ್ತದೆ. ನೊಣ ಕೂರದಂತೆ ಗಾಯ ಸದಾ ಮುಚ್ಚಿರಲಿ. ಹುಳ ಕಂಡರೆ ಗಾಬರಿಯಾಗಬೇಡಿ, ಅದು ನಿಮ್ಮ ತಪ್ಪೂ ಅಲ್ಲ. ಅದೇ ದಿನ ನರ್ಸ್‌ಗೆ ತೋರಿಸಿ.

ಊಟದ ವಿಷಯಕ್ಕೆ ಮನೆಗಳಲ್ಲಿ ಜಗಳವೇ ಆಗುತ್ತದೆ. ‘ಎರಡು ತುತ್ತು ತಿನ್ನಿ, ಶಕ್ತಿ ಬರುತ್ತೆ’ ಅಂತ ಹೆಂಡತಿ ಚಮಚ ಹಿಡಿದು ಕೂರುತ್ತಾರೆ, ಗಂಡ ಮುಖ ತಿರುಗಿಸುತ್ತಾರೆ. ಕೊನೆಯ ಹಂತದಲ್ಲಿ ಮೈ ಅನ್ನವನ್ನು ಅರಗಿಸಿಕೊಳ್ಳುವುದಿಲ್ಲ, ಹಸಿವು ತಾನಾಗಿ ಹೋಗುತ್ತದೆ. ಅವರು ಹಟ ಮಾಡುತ್ತಿಲ್ಲ. ನಾಲ್ಕು ಚಮಚ ಗಂಜಿಯೋ ಮಜ್ಜಿಗೆಯೋ, ಅವರು ಕೇಳಿದ್ದು, ಕೇಳಿದಾಗ, ತಲೆ ಎತ್ತರಿಸಿ ಕೊಡಿ. ಬೇಡ ಅಂದರೆ ಬಿಡಿ. ‘ಒಂದು ಬಾಟ್ಲಿ ಗ್ಲೂಕೋಸ್ ಆದ್ರೂ ಏರಿಸಿ’ ಅಂತ ನೆಂಟರು ಒತ್ತಾಯ ಮಾಡುತ್ತಾರೆ. ಕೊನೆಯ ದಿನಗಳಲ್ಲಿ ಆ ನೀರು ಕೈಕಾಲಲ್ಲಿ ಊತವಾಗಿ, ಎದೆಯಲ್ಲಿ ಕಫವಾಗಿ ನಿಲ್ಲಬಹುದು. ಅದರಿಂದ ಸಮಾಧಾನ ಸಿಗುವುದು ಹೆಚ್ಚಾಗಿ ನೋಡುವವರಿಗೆ.

ಉಸಿರು ಕಟ್ಟಿದಾಗ ದಿಂಬು ಒರಗಿಸಿ ಕೂರಿಸಿ, ಕಿಟಕಿ ತೆಗೆಯಿರಿ, ಟೇಬಲ್ ಫ್ಯಾನ್ ಗಾಳಿ ಮುಖಕ್ಕೆ ಬೀಳಲಿ. ರೂಮಿನಲ್ಲಿ ಜನ ಕಡಿಮೆ ಇರಲಿ.

ಅವರಿಗೆ ಹೇಳಬೇಕಾ?

‘ಅಪ್ಪನಿಗೆ ಹೇಳ್ಬೇಡಿ ಡಾಕ್ಟ್ರೇ, ತಡ್ಕೊಳಲ್ಲ.’ ಈ ಮಾತನ್ನು ಕೇಳದ ಡಾಕ್ಟರು ಇಲ್ಲ. ಆದರೆ ಅಪ್ಪನಿಗೆ ಹೆಚ್ಚಾಗಿ ಗೊತ್ತಿರುತ್ತದೆ. ಮೈ ಅವರದ್ದೇ ಅಲ್ವಾ? ಮಕ್ಕಳು ನೊಂದುಕೊಳ್ಳುತ್ತಾರೆ ಅಂತ ಅವರು ಬಾಯಿ ಬಿಡುವುದಿಲ್ಲ, ಅವರು ನೊಂದುಕೊಳ್ಳುತ್ತಾರೆ ಅಂತ ಮಕ್ಕಳು ಬಿಡುವುದಿಲ್ಲ. ಹೀಗೆ ಒಂದೇ ಮನೆಯಲ್ಲಿ ಎಲ್ಲರೂ ಒಂಟಿಯಾಗುತ್ತಾರೆ. ಎಲ್ಲವನ್ನೂ ಒಂದೇ ಸಲ ಹೇಳಿಬಿಡಿ ಅಂತ ನಾನು ಹೇಳುತ್ತಿಲ್ಲ. ‘ನಿಮಗೆ ಏನನ್ನಿಸ್ತಿದೆ ಅಪ್ಪ? ಡಾಕ್ಟರು ಹೇಳಿದ್ದು ತಿಳ್ಕೋಬೇಕು ಅನ್ಸುತ್ತಾ?’ ಅಂತ ಕೇಳಿ ಸುಮ್ಮನೆ ಕೂರಿ. ಬೇಡ ಅಂದರೆ ಅದೂ ಅವರ ಹಕ್ಕು. ಕೇಳಿದರೆ ಸುಳ್ಳು ಹೇಳಬೇಡಿ. ‘ನೋವಾಗದ ಹಾಗೆ ನೋಡ್ಕೋತೀವಿ, ನಿಮ್ಮ ಜೊತೆಗೇ ಇರ್ತೀವಿ’ ಅನ್ನುವುದು ಪೂರ್ತಿ ನಿಜವಾಗಿ ಹೇಳಬಹುದಾದ ಮಾತು. ಮನೆಯ ಮಕ್ಕಳಿಗೂ ಅವರ ವಯಸ್ಸಿಗೆ ತಕ್ಕಂತೆ ಹೇಳಿ. ‘ಅಜ್ಜಿ ಊರಿಗೆ ಹೋಗಿದ್ದಾರೆ’ ಅನ್ನಬೇಡಿ.

ಕಾಗದ ಪತ್ರ

ಮಾತಾಡುವ ಶಕ್ತಿ ಇರುವಾಗಲೇ ಬ್ಯಾಂಕ್ ನಾಮಿನಿ, ವಿಲ್, ಯಾರಿಗೆ ಎಷ್ಟು ಸಾಲ ಕೊಡಬೇಕು ಇವೆಲ್ಲ ಮುಗಿಸಿಕೊಳ್ಳಿ.

ಇನ್ನೊಂದು ಕಾಗದದ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲ. ಗುಣವಾಗುವ ಆಸೆ ಇಲ್ಲದಾಗ ವೆಂಟಿಲೇಟರ್‌ನಂಥ ಜೀವರಕ್ಷಕ ಚಿಕಿತ್ಸೆ ಬೇಡ ಅಂತ ಮುಂಚಿತವಾಗಿ ಬರೆದಿಡುವ ‘ಲಿವಿಂಗ್ ವಿಲ್’. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಇದನ್ನು ಒಪ್ಪಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಅದು ಜನಸಾಮಾನ್ಯರಿಗೆ ಆಗದ ಮಾತು. 2023ರ ಜನವರಿಯಲ್ಲಿ ಕೋರ್ಟ್ ನಿಯಮ ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಮಗೆ ಮಾತಾಡಲಾಗದಾಗ ತಮ್ಮ ಪರವಾಗಿ ತೀರ್ಮಾನ ಹೇಳಬೇಕಾದವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಚಿಕಿತ್ಸೆ ನಿಲ್ಲಿಸುವ ಮುಂಚೆ ಡಾಕ್ಟರುಗಳ ಎರಡು ಮಂಡಳಿಗಳು ಒಪ್ಪಬೇಕು. ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು 2025ರ ಜನವರಿ 30ರಂದು ಆದೇಶ ಹೊರಡಿಸಿತು. ಇದು ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ, ಅದು ನಮ್ಮ ದೇಶದಲ್ಲಿ ಇವತ್ತಿಗೂ ಅಪರಾಧ. ಒಂದು ಪ್ರತಿ ಫೈಲಿನಲ್ಲಿ, ಒಂದು ಮನೆ ಡಾಕ್ಟರ ಹತ್ತಿರ ಇರಲಿ.

ಕೊನೆಯ ಕೆಲವು ದಿನಗಳು

ದಿನದ ಹೆಚ್ಚು ಹೊತ್ತು ನಿದ್ದೆ. ನೀರೂ ನುಂಗಲಾಗುವುದಿಲ್ಲ. ಮೂತ್ರ ಕಡಿಮೆಯಾಗುತ್ತದೆ. ಕೈಕಾಲು ತಣ್ಣಗಾಗಿ ಉಗುರು ನೀಲಿಯಾಗುತ್ತದೆ. ಉಸಿರು ಒಮ್ಮೆ ಜೋರಾಗಿ, ಒಮ್ಮೆ ನಿಧಾನವಾಗಿ, ನಡುವೆ ನಿಂತು ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ಕೇಳುವವರ ಕರುಳು ಕಿತ್ತು ಬರುತ್ತದೆ, ಆದರೆ ಅಷ್ಟು ಮಂಪರಿನಲ್ಲಿರುವವರಿಗೆ ಅದರಿಂದ ಹಿಂಸೆಯಾಗುತ್ತಿರುವುದಿಲ್ಲ. ಒಂದು ಮಗ್ಗುಲಿಗೆ ವಾಲಿಸಿ ಮಲಗಿಸಿ, ಕಡಿಮೆ ಮಾಡುವ ಔಷಧಕ್ಕೆ ತಂಡಕ್ಕೆ ಫೋನ್ ಮಾಡಿ. ನುಂಗಲಾಗದಾಗ ನೋವಿನ ಔಷಧವನ್ನು ಬೇರೆ ದಾರಿಯಲ್ಲಿ ಹೇಗೆ ಕೊಡುವುದು ಅಂತ ಈ ಹಂತಕ್ಕೆ ಮುಂಚೆಯೇ ಕೇಳಿಟ್ಟುಕೊಂಡಿರಿ.

ರಾತ್ರಿ ಎರಡು ಗಂಟೆಗೆ ಯಾರೋ ಗಾಬರಿಯಾಗಿ ಆಂಬ್ಯುಲೆನ್ಸ್ ಕರೆಯುತ್ತಾರೆ, ಬೆಳಗಾಗುವಷ್ಟರಲ್ಲಿ ಐಸಿಯು, ಬಾಯಿಗೆ ಪೈಪು, ಮನೆಯವರು ಗಾಜಿನ ಆಚೆ. ಇದು ಬೇಡ ಅಂತಿದ್ದರೆ ಮನೆಯವರೆಲ್ಲ ಮುಂಚೆಯೇ ಕೂತು ಒಪ್ಪಿಕೊಂಡಿರಬೇಕು. ಆಗ ಯಾರಿಗೆ ಫೋನ್ ಮಾಡಬೇಕು ಅನ್ನುವ ನಂಬರನ್ನು ಆ ಕ್ಯಾಲೆಂಡರ್ ಹಾಳೆಯ ಮೇಲೇ ದಪ್ಪಗೆ ಬರೆಯಿರಿ.

ಬಾಯಿಗೆ ತುಳಸಿ ನೀರು, ಗಂಗಾಜಲ ಬಿಡುವ ಪದ್ಧತಿ ಇರುವ ಮನೆಗಳಲ್ಲಿ ಒಂದು ಎಚ್ಚರಿಕೆ. ನುಂಗಲಾಗದವರಿಗೆ ಸುರಿದರೆ ಉಸಿರುಗಟ್ಟುತ್ತದೆ. ಬೆರಳಲ್ಲಿ ಅದ್ದಿ ತುಟಿ ಒದ್ದೆ ಮಾಡಿ, ಸಾಕು. ಮಾತು ಕೇಳಿಸುತ್ತಿದೆ ಅಂತಲೇ ಭಾವಿಸಿ ಮಾತಾಡಿ. ಆಸ್ತಿ ಜಗಳ, ಅಂತ್ಯಕ್ರಿಯೆಯ ಚರ್ಚೆ ಹೊರಗೆ ನಡೆಯಲಿ.

ಆಮೇಲೆ

ಮನೆಯಲ್ಲಿ ಕಾಯಿಲೆಯಿಂದಾದ ನಿರೀಕ್ಷಿತ ಸಾವಿಗೆ ಪೊಲೀಸರನ್ನು ಕರೆಯಬೇಕಾಗಿಲ್ಲ. ನೋಡುತ್ತಿದ್ದ ಡಾಕ್ಟರು ಸಾವಿನ ಕಾರಣ ಬರೆದುಕೊಡಬೇಕು. ಯಾರು ಬಂದು ಬರೆದುಕೊಡುತ್ತಾರೆ ಅನ್ನುವುದನ್ನು ಹಿಂದಿನ ವಾರವೇ ಗೊತ್ತು ಮಾಡಿಕೊಳ್ಳಿ, ನಗರದ ಚಿತಾಗಾರಗಳಲ್ಲಿ ಆ ಕಾಗದ ಕೇಳುತ್ತಾರೆ. ಮರಣ ನೋಂದಣಿ 21 ದಿನದೊಳಗೆ ಆಗಬೇಕು. ತಡವಾದರೆ ದಂಡ, ಅಲೆದಾಟ. ಕಣ್ಣು ದಾನ ಮಾಡುವ ಆಸೆ ಇದ್ದರೆ 6 ಗಂಟೆಯೊಳಗೆ ಆಗಬೇಕು. ಕೂಡಲೇ ಐ ಬ್ಯಾಂಕಿಗೆ ಫೋನ್ ಮಾಡಿ, ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ. ಕ್ಯಾನ್ಸರ್ ಇದ್ದ ಅನೇಕರ ಕಣ್ಣನ್ನೂ ಪಡೆಯುತ್ತಾರೆ, ರಕ್ತದ ಕ್ಯಾನ್ಸರ್‌ನಂಥ ಕೆಲವು ಕಾಯಿಲೆಗಳಿದ್ದರೆ ಆಗುವುದಿಲ್ಲ.

ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಕೊಟ್ಟ ಆಸ್ಪತ್ರೆಗೇ ವಾಪಸ್ ಕೊಡಿ. ಬೇರೆ ಯಾರ ನೋವಿಗೂ ನೀವಾಗಿ ಕೊಡಬೇಡಿ. ಏರ್ ಬೆಡ್, ಕಮೋಡ್ ಚೇರು, ವಾಕರ್ ಇದ್ದರೆ ಹಾಸ್ಪೈಸಿನವರನ್ನು ಕೇಳಿ, ಅದು ಬೇಕಾಗಿರುವ ಮನೆ ಅವರಿಗೆ ಗೊತ್ತಿರುತ್ತದೆ.

ಹದಿಮೂರನೇ ದಿನದ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ, ರಾತ್ರಿ ಹಗಲು ಎದ್ದು ನೋಡಿಕೊಂಡ ಸೊಸೆಯೋ ಹೆಂಡತಿಯೋ ಮನೆಯಲ್ಲಿ ಒಬ್ಬರೇ ಉಳಿಯುತ್ತಾರೆ. ಎರಡು ಗಂಟೆಗೊಮ್ಮೆ ಎಚ್ಚರವಾಗುವ ಅಭ್ಯಾಸ ಹೋಗಿರುವುದಿಲ್ಲ. ‘ಇನ್ನೊಂದು ಆಸ್ಪತ್ರೆಗೆ ತೋರಿಸಬೇಕಿತ್ತಾ’ ಅನ್ನುವ ಪ್ರಶ್ನೆ ಬಿಡುವುದಿಲ್ಲ. ಒಂದೆರಡು ತಿಂಗಳು ಯಾರಾದರೂ ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಬನ್ನಿ. ಮನೆಗೆ ಬರುತ್ತಿದ್ದ ನರ್ಸ್ ಅಥವಾ ಕೌನ್ಸೆಲರ್ ಜೊತೆ ಮಾತಾಡಿಸಿ. ಊಟ, ನಿದ್ದೆ ಬಿಟ್ಟು ಕೂತಿದ್ದರೆ, ಬದುಕೇ ಬೇಡ ಅನ್ನುತ್ತಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ.